ಬೆಸ್ತರ ಕೇರಿಯಲ್ಲಿ ನಾನು ‘ಕಂಡೆ’ ಎಂದದ್ದು

ನೆಂದ ಬಲೆಯ ವಾಸನೆ ನಿಮಗೆ ಗೊತ್ತೇ? ಮೀನಿನ ವಾಸನೆ ಎಂದುಕೊಂಡು ಈಗಲೇ ಮೂಗು ಮುಚ್ಚಬೇಡಿ, ಇದು ಬೇರೆ. ತಂಗಡಿಯ ತೊಗಟೆಯನ್ನು ದೊಡ್ಡ ಹಂಡೆಯಲ್ಲಿ ಕುದಿಸಿ, ಕೆಂಪಗೆ ಇಳಿದ ಆ ನೀರಿನಲ್ಲಿ ಹೊಸ ಬಲೆಯನ್ನು ಎರಡು ದಿನ ಅದ್ದಿಟ್ಟರೆ ನಾರು ಬೇಗ ಕೊಳೆಯುವುದಿಲ್ಲ. ಹಾಗೆ ಅದ್ದಿದ ಬಲೆ ಹೊಳೆಗೆ ಹೋಗಿ ಬಂದು, ಬಿಸಿಲಿಗೆ ಒಣಗಿ, ಮತ್ತೆ ನೆಂದಾಗ ಒಂದು ವಾಸನೆ ಬರುತ್ತದೆ. ಒಗರು, ಕೆಸರು, ಸ್ವಲ್ಪ ಹಸಿ ನೆತ್ತರು. ಮೊನ್ನೆ ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಯಾರೋ ಚರ್ಮ ಹದ ಮಾಡಲು ತೊಗಟೆ ಕುದಿಸಿದ್ದರು. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಹಾಗೇ ಕುಳಿತುಬಿಟ್ಟೆ. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಬೂದಿ, ಕಣ್ಣಲ್ಲಿ ನೀರು. ಮಗಳು ಬಂದು “ಏನಾಯ್ತವ್ವ?” ಅಂದಳು. “ಹೊಗೆ ಕಣೆ” ಅಂದೆ. ಸುಳ್ಳು ಹೇಳುವುದು ನನಗೆ ಚಿಕ್ಕಂದಿನಿಂದಲೇ ಅಭ್ಯಾಸ. ಮೊದಲು ಹೇಳಿದ ದೊಡ್ಡ ಸುಳ್ಳಿನ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಅಂಟಿಕೊಂಡು ಬೆಸ್ತರ ಕೇರಿ ಇತ್ತು. ನಮ್ಮವ್ವನ ತವರು. ಅಪ್ಪ ಹಾಸನದಲ್ಲಿ ಗಾರೆ ಕೆಲಸ ಮಾಡುತ್ತಿದ್ದರಿಂದ ನಾವು ಹೊಳೆ ಬಿಟ್ಟ ಬೆಸ್ತರು. ರಜಕ್ಕೆ ಮಾತ್ರ ಹೊಳೆ ಕಾಣುತ್ತಿದ್ದವರು. ಕೇರಿಯೆಂದರೆ ಮೂವತ್ತು ಮನೆಗಳ ಒಂದೇ ಸಾಲು. ಪ್ರತಿ ಮನೆಗೂ ಎರಡು ಬಾಗಿಲು, ಒಂದು ಬೀದಿಗೆ, ಒಂದು ಹೊಳೆಗೆ. ಬೀದಿಬಾಗಿಲಿಗೆ ಅಗುಳಿ ಇರುತ್ತಿತ್ತು, ಹೊಳೆಬಾಗಿಲಿಗೆ ಇರುತ್ತಿರಲಿಲ್ಲ. ನೀರಿನ ಕಡೆಯಿಂದ ಬರುವವರಿಗೆ ಬಾಗಿಲು ಹಾಕಬಾರದು ಎಂದು ಅಲ್ಲಿನ ಕಟ್ಟು. ಗೂಟಗಳ ಮೇಲೆ ಬಲೆಗಳು ಜೋತಾಡುತ್ತಿದ್ದವು. ಬುಟ್ಟಿಯಂಥ ಹರಿಗೋಲುಗಳನ್ನು ಗೋಡೆಗೆ ಕವುಚಿ ಒರಗಿಸುತ್ತಿದ್ದರು. ಮಂಜು ಬಿದ್ದ ಬೆಳಗಿನಲ್ಲಿ ದೂರದಿಂದ ನೋಡಿದರೆ ಯಾರೋ ದೊಡ್ಡ ದೊಡ್ಡ ಜನ ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತ ಹಾಗೆ ಕಾಣುತ್ತಿತ್ತು. ಪೇಟೆಯವರು ಮೀನು ಬೇಕಾದಾಗ, ಇಲ್ಲವೇ ಯಾರಾದರೂ ಹೊಳೆಗೆ ಬಿದ್ದಾಗ ಮಾತ್ರ ಈ ಕಡೆ ಬರುತ್ತಿದ್ದರು. ಹೆಣ ಹುಡುಕುವುದಕ್ಕೆ ನಮ್ಮವರೇ ಆಗಬೇಕಿತ್ತಲ್ಲ.

ಅವ್ವನ ತಮ್ಮ ಸಿದ್ದಮಾವ. ಎಡಚ. ಬಲೆ ಹೆಣೆಯುವಾಗ ಅವನ ಎಡಗೈ ಓಡುವುದನ್ನು ನೋಡುತ್ತಿದ್ದರೆ ಹಸಿವು ಮರೆತುಹೋಗುತ್ತಿತ್ತು. ನನ್ನನ್ನು ಕಂಡರೆ ಸಾಕು, ಹೆಂಡತಿಯ ಎದುರಿಗೇ, “ಲಚ್ಚಿ, ಇನ್ನತ್ತು ವರ್ಸ ಮುಂಚೆ ಉಟ್ಟಿದ್ರೆ ನಿನ್ನೇ ಕಟ್ಕತಿದ್ದೆ ಕಣಮ್ಮಿ, ಎಂಗೆ ತಡ ಮಾಡ್ಬುಟ್ಟೆ ನೋಡು” ಅನ್ನುತ್ತಿದ್ದ. ಅವನ ಹೆಂಡತಿ ಚೆಲುವಿ ಅತ್ತೆ ಒಲೆಯ ಮುಂದಿನಿಂದಲೇ, “ಈಗ್ಲೂ ಕಟ್ಕೊಳ್ಳಿ, ಯಾರ್ ಬ್ಯಾಡ ಅಂದ್ರು? ಮುದ್ದೆ ತಿರುವಾಕೆ ಬತ್ತದಾ ಕೇಳ್ಕೊಳ್ಳಿ ಮೊದ್ಲು” ಎಂದು ನಗುತ್ತಿದ್ದಳು. ಇಪ್ಪತ್ತರ ಹೆಂಗಸು, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಅವಳು ರಾಗಿ ಬೀಸುವಾಗ ಬೀಸುಕಲ್ಲಿನ ಸದ್ದಿಗಿಂತ ಬಳೆಯ ಸದ್ದೇ ಜಾಸ್ತಿ. ಅವರಿಗೆ ಮಕ್ಕಳಿರಲಿಲ್ಲ. ರಜದಲ್ಲಿ ನಾನೇ ಅವರ ಮಗು.

ನನಗೆ ಒಂಬತ್ತು ವರ್ಷ. ಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮುಂಚಿನ ಮಾತು. ಆ ಮಳೆಗಾಲದಲ್ಲಿ ಹಾಸನಕ್ಕೆ ಸುದ್ದಿ ಬಂತು. ಅವ್ವ ಬಟ್ಟೆಗಂಟು ಕಟ್ಟಿದಳು, ನನ್ನನ್ನು ಕರೆದುಕೊಂಡು ರೈಲು ಹತ್ತಿದಳು. ಏನು ಸುದ್ದಿ ಎಂದು ನನಗೆ ಹೇಳಲಿಲ್ಲ. ರೈಲಿನಲ್ಲಿ ಮುಖವನ್ನೆಲ್ಲ ಸೆರಗಿನಿಂದ ಒರೆಸಿಕೊಂಡು, “ಅಲ್ಲಿ ಅಳ್ಬ್ಯಾಡ. ಮಾವ ಎಲ್ಲಿ ಅಂತ ಕೇಳ್ಬ್ಯಾಡ. ಕೇಳುದ್ರೆ ಹಲ್ಲು ಉದುರಿಸ್ತೀನಿ” ಅಂದಳು, ಅಷ್ಟೇ. ಮಧ್ಯಾಹ್ನ ಕೇರಿ ಮುಟ್ಟಿದೆವು. ಹೊಳೆ ಕೆಂಪಗೆ, ಬೀದಿಗೇ ಬರುವ ಹಾಗೆ ತುಂಬಿ ಹರಿಯುತ್ತಿತ್ತು. ಅಜ್ಜಿ ಊಟಕ್ಕೆ ಹಾಕಿದಳು. ನಾನು, ಅವ್ವ, ಅತ್ತೆ, ಅಜ್ಜಿ, ನಾಲ್ಕು ಜನ. ಕಂಚಿನ ತಣಿಗೆ ಐದು. ಐದನೆಯದನ್ನು ಅತ್ತೆಯ ಪಕ್ಕ ಇಟ್ಟು ಬಿಸಿ ಮುದ್ದೆ ಹಾಕಿ, ಸಾರು ಬಿಟ್ಟರು. ಯಾರೂ ಅದರ ಮುಂದೆ ಕೂರಲಿಲ್ಲ. ಉಗಿ ಏಳುತ್ತಿತ್ತು. ನಾವು ಉಂಡು ಕೈ ತೊಳೆದ ಮೇಲೆ ಅಜ್ಜಿ ಆ ತಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಳೆಬಾಗಿಲಿನಿಂದ ಇಳಿದು ಹೋಗಿ ಮುದ್ದೆಯನ್ನು ನೀರಿಗೆ ಬಿಟ್ಟು ಬಂದಳು. ಬಂದವಳು ಹೊಸ್ತಿಲ ಪಕ್ಕದ ಮಡಕೆಗೆ ಕಾಲು ತೊಳೆಯುವ ನೀರು ತುಂಬಿಸಿಟ್ಟಳು. ಪಕ್ಕದ ಮನೆಯ ಹೆಂಗಸು ಬೀದಿಯಿಂದ ಇಣುಕಿ, “ಸಿದ್ದ ಬಂದ್ನೇನಕ್ಕಾ?” ಅಂದಳು. ಅಜ್ಜಿ ದಿನಾ ಆಡುವ ಮಾತಿನ ಹಾಗೆ, “ಇನ್ನೂ ಇಲ್ಲ ಕಣವ್ವ. ಒಳೆಗೋಗವ್ನೆ, ಬತ್ತಾನೆ” ಅಂದಳು.

ಆ ಮಾತು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಬೆಳಿಗ್ಗೆ ಕೇಳುವರು, ಸಂಜೆ ಕೇಳುವರು, ಅದೇ ಉತ್ತರ. ಯಾರೂ ಅಳುತ್ತಿರಲಿಲ್ಲ. ನಾನು ನಂಬಿಬಿಟ್ಟಿದ್ದೆ ಎಂದರೆ ನಗಬೇಡಿ. ಮಾವ ಮೀನಿಗೆ ಹೋಗಿದ್ದಾನೆ, ಹೊಳೆ ಜೋರಾಗಿದೆ, ಆ ದಡದಲ್ಲಿ ಉಳಿದಿದ್ದಾನೆ ಎಂದುಕೊಂಡಿದ್ದೆ. ಕಣ್ಣು ಬಿಡಿಸಿದವಳು ನನ್ನ ಓರಗೆಯ ನೀಲಿ, ಪಕ್ಕದ ಮನೆಯ ಹುಡುಗಿ. ಕವಡೆ ಆಡುತ್ತಾ ಆಡುತ್ತಾ, ತಲೆ ಎತ್ತದೆ ಅಂದಳು: “ನಿಮ್ಮಾವ ಸತ್ತೋಗವ್ನೆ ಕಣಮ್ಮಿ. ಆದ್ರೆ ಇನ್ನೂ ಸತ್ತಿಲ್ಲ.”

“ಅಂಗಂದ್ರೆ?”

“ಎಣ ಸಿಕ್ಕಿಲ್ವಲ್ಲ. ಎಮ್ಮೆಬಂಡೆ ಬುಡ ಕಂಡ್ ಮ್ಯಾಕೆ ಸಾಯ್ತಾನೆ. ಆವಾಗ ನಿಮ್ಮತ್ತೆ ಬಳೆ ಕಲ್ಲಲ್ಲಿ ಕುಟ್ಟಾಕ್ತಾರೆ. ಎಲ್ಲಾನೂವೆ. ನಾನೊಂದ್ ಸಲ ನೋಡಿವ್ನಿ, ರಕ್ತ ಬತ್ತದೆ.”

ಕೇರಿಯ ಕಟ್ಟು ಅದು. ಹೊಳೆಗೆ ಹೋದವನ ಹೆಣ ಸಿಕ್ಕರೆ ಸರಿ. ಸಿಗದಿದ್ದರೆ ಅವನು ಸತ್ತವನಲ್ಲ, ಹೊಳೆಗೆ ಹೋದವನು. ನಡು ಹೊಳೆಯಲ್ಲಿ ಮಲಗಿದ ಎಮ್ಮೆಯಂಥ ಒಂದು ಬಂಡೆ ಇತ್ತು. ನೀರು ಇಳಿದು ಆ ಬಂಡೆಯ ಬುಡ ಕಾಣುವವರೆಗೆ ಅವನಿಗೆ ಅನ್ನ ಇಡಬೇಕು, ಕಾಲಿಗೆ ನೀರಿಡಬೇಕು, ಹೆಂಡತಿ ಕುಂಕುಮ ಇಡಬೇಕು. ಬುಡ ಕಂಡ ದಿನ ಕೇರಿಯ ಯಜಮಾನ ಎಲ್ಲರನ್ನೂ ದಂಡೆಗೆ ಕರೆದು, ಅವನನ್ನು ಕಂಡವರು ಇದ್ದಾರೆಯೇ ಎಂದು ಮೂರು ಸಲ ಕೇಳುತ್ತಾನೆ. ಮೂರು ಸಲವೂ ಯಾರೂ ಬಾಯಿ ಬಿಡದಿದ್ದರೆ ಅವನು ಹೊಳೆಯವನಾದ. ಹೆಂಡತಿ ಬಳೆ ತೆಗೆಯುತ್ತಾಳೆ.

ನೀಲಿ ಹೇಳಿದ ಮೇಲೆ ನಾನು ದಿನಾ ಬಂಡೆ ನೋಡತೊಡಗಿದೆ. ದಸರೆಯ ಹೊತ್ತಿಗೆ ಕೋಡು ಎದ್ದಿತ್ತು. ದೀಪಾವಳಿಗೆ ಬೆನ್ನು. ಕೇರಿಯ ಮಕ್ಕಳೆಲ್ಲ ಬೆಳಿಗ್ಗೆ ಎದ್ದು, “ಒಟ್ಟೆ ಬಂತು, ಒಟ್ಟೆ ಬಂತು” ಎಂದು ಕೂಗುವರು. ನನಗೋ ಅದು ನೀರು ಇಳಿದ ಹಾಗೆ ಕಾಣುತ್ತಿರಲಿಲ್ಲ; ಆ ಕಪ್ಪು ಎಮ್ಮೆ ಹೊಳೆಯೊಳಗಿಂದ ಮೆಲ್ಲಗೆ ಎದ್ದು ನಮ್ಮ ಮನೆಯ ಕಡೆ ಬರುತ್ತಿದ್ದ ಹಾಗಿತ್ತು. ಮನೆಯೊಳಗಿನ ಖಾಲಿ ಜಾಗ ಕಂಡರೂ ಹೆದರಿಕೆ. ಅತ್ತೆಯ ಪಕ್ಕದ ಆ ತಣಿಗೆಯ ಮುಂದಿನ ನೆಲವನ್ನು ನಾನು ತುಳಿಯುತ್ತಿರಲಿಲ್ಲ, ಸುತ್ತಿ ಬರುತ್ತಿದ್ದೆ. ಒಂದು ಮಧ್ಯಾಹ್ನ ನೋಡಿದರೆ ಕಾಲು ತೊಳೆಯುವ ಮಡಕೆಯ ನೀರು ಅರ್ಧ ಇಳಿದಿದೆ, ಹೊಸ್ತಿಲು ಒದ್ದೆ. ನಾಯಿ ಕುಡಿದಿರಬಹುದು. ನಾಯಿಯೇ ಇರಬೇಕು. ಅಜ್ಜಿ ಅದನ್ನು ನೋಡಿ ಮತ್ತೆ ನೀರು ತುಂಬಿಸಿದಳು. ಅತ್ತೆ ನೋಡಲಿಲ್ಲ, ಹಸೆಯ ಮೇಲೆ ಕುಳಿತು ತನ್ನ ಕೈಗಳನ್ನೇ ನೋಡುತ್ತಿದ್ದಳು. ಒಂದೊಂದೇ ಬಳೆಯನ್ನು ತಿರುಗಿಸುತ್ತಿದ್ದಳು. ಅವಕ್ಕಾಗಿ ಅವಳು ಹೆದರುತ್ತಿದ್ದಾಳೆ ಎಂದು ನನಗೆ ಅನಿಸಿತು. ಒಂಬತ್ತು ವರ್ಷದ ಬುದ್ಧಿಗೆ ಇನ್ನೇನು ತೋಚೀತು?

ಬುಡ ಕಂಡಿತು. ಮಂಜು ಪೂರ್ತಿ ಎದ್ದಿರಲಿಲ್ಲ, ಬೆಳಗಿನ ಹೊತ್ತು. ಕೇರಿಯವರೆಲ್ಲ ದಂಡೆಯಲ್ಲಿ ನಿಂತಿದ್ದರು. ಅರಕಲಗೂಡಿನ ಕಡೆಯಿಂದ ಹರಿಗೋಲು ತಂದು ಹೆಣ ಹುಡುಕಲು ತಿಂಗಳುಗಟ್ಟಲೆ ದುಡಿದಿದ್ದ ರಂಗ ಎಂಬುವನೂ ದೂರದಲ್ಲಿ ನಿಂತಿದ್ದ. ಅತ್ತೆಯನ್ನು ನೀರಿನಂಚಿಗೆ ಕೂರಿಸಿದ್ದರು. ಇಬ್ಬರು ಮುದುಕಿಯರ ಕೈಯಲ್ಲಿ ಗುಂಡುಕಲ್ಲು. ಯಜಮಾನ ಗಂಗಯ್ಯ ಮಂಡಿಯವರೆಗೆ ನೀರಿಗಿಳಿದು ಎಡೆ ಬಿಟ್ಟು, “ತಾಯಿ, ನಮ್ಮುಡುಗ ನಿನ್ ತಾವ ಬಂದವ್ನೆ. ಕೊಡದಾದ್ರೆ ಕೊಡು, ಇಲ್ದಿದ್ರೆ ಮಡಿಕ್ಕೊ” ಅಂದ. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದ: “ಕಂಡೋರವ್ರಾ?”

ಯಾರೂ ಉಸಿರೆತ್ತಲಿಲ್ಲ.

“ಕಂಡೋರವ್ರಾ?”

ಮುದುಕಿ ಅತ್ತೆಯ ಬಲಗೈ ಹಿಡಿದು ಕಲ್ಲಿನ ಮೇಲಿಟ್ಟಳು. ಬಳೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು.

“ಕಂಡೋರ...”

“ನಾನು ಕಂಡೆ” ಎಂದೆ.

ಅವ್ವ ನನ್ನ ರಟ್ಟೆ ಹಿಡಿದು ಎಳೆದಳು. ಗಂಗಯ್ಯ ಕೈಯೆತ್ತಿ ಅವಳನ್ನು ತಡೆದ. “ಬುಡು, ಮಕ್ಳ ಬಾಯಿ. ಎಲ್ ಕಂಡ್ಯವ್ವ?” ನಾನು ಆ ದಡ ತೋರಿಸಿದೆ. ಅಲ್ಲಿ ಮಂಜು ಬಿಟ್ಟು ಏನೂ ಇರಲಿಲ್ಲ. “ಮತ್ತಿಮರದ ಕೆಳಗೆ. ನೆನ್ನೆ.” “ಏನ್ ಮಾಡ್ತಿದ್ದ?” “ಬಲೆ ಎಣಿತಿದ್ದ.” “ಯಾವ್ ಕೈಲಿ?” “ಎಡಗೈಲಿ.” ಮಾವ ಎಡಚ ಎಂಬುದು ನನಗೆ ಗೊತ್ತಿರದ ಸಂಗತಿಯೇ? ಆದರೆ ಆ ಮಾತು ಬಿದ್ದೊಡನೆ ಹೆಂಗಸರ ಗುಂಪಿನಲ್ಲಿ ಒಂದು ನಡುಕ ಹಾದುಹೋದದ್ದು ಕಾಣಿಸಿತು. ಅಜ್ಜಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು, “ನನ್ ಮಗ ಅವ್ನೆ, ನನ್ ಮಗ ಅವ್ನೆ” ಎಂದು ನನ್ನ ಕೆನ್ನೆಗೆ ಕೆನ್ನೆ ಉಜ್ಜಿದಳು. ಮುದುಕಿಯರು ಕಲ್ಲುಗಳನ್ನು ಹೊಳೆಗೆ ಎಸೆದರು. ಅತ್ತೆ ಕೈಯನ್ನು ನಿಧಾನವಾಗಿ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಮತ್ತೆ ಯಾರ ಕಣ್ಣಲ್ಲೂ ಕಂಡಿಲ್ಲ. ಅವತ್ತು ಅದನ್ನು ಸಂತೋಷ ಎಂದುಕೊಂಡೆ.

ಆಮೇಲೆ ಅಪ್ಪ ನನ್ನನ್ನು ರಜಕ್ಕೂ ಅಲ್ಲಿಗೆ ಕಳಿಸಲಿಲ್ಲ. ಅವ್ವ ಆ ವಿಷಯ ಎತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ನನಗೆ ಮದುವೆ ಗೊತ್ತಾದಾಗ ಹದಿನೇಳು. ಯುದ್ಧ ಮುಗಿಯುತ್ತಾ ಬಂದಿತ್ತು, ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ಕಾಲ. ಅರಿಸಿನ ಕುಟ್ಟುತ್ತಾ ಅವ್ವ ಇದ್ದಕ್ಕಿದ್ದಂತೆ ಹೇಳಿದಳು. ಕೇರಿಯಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗಬಹುದಿತ್ತು, ಉಡಿಕೆ ಎನ್ನುತ್ತಿದ್ದರು. ಆ ವರ್ಷ ಹಿರಿಯರೆಲ್ಲ ಕೂತು ಮಾತಾಡಿ, ಬಳೆ ತೆಗೆದ ಮೂರು ತಿಂಗಳಿಗೆ ಚೆಲುವಿಯನ್ನು ರಂಗನಿಗೆ ಕೊಡುವುದೆಂದು ಮಾಡಿದ್ದರಂತೆ. ಅತ್ತೆಯೂ ಹೂಂ ಅಂದಿದ್ದಳಂತೆ. ಒಂದು ಸಲ ಯಾರಾದರೂ ‘ಕಂಡೆ’ ಅಂದ ಮೇಲೆ ಮತ್ತೆ ಕೇಳುವ ಹಾಗಿಲ್ಲ. ಹೆಣ ಸಿಗಬೇಕು, ಇಲ್ಲವೇ ಹಾಗೆಂದವರೇ ಬಂದು ದಂಡೆಯಲ್ಲಿ ನಿಂತು, ಹೊಳೆಗೆ ಕೇಳುವ ಹಾಗೆ ‘ಕಾಣಲಿಲ್ಲ’ ಅನ್ನಬೇಕು. ರಂಗ ಎರಡು ವರ್ಷ ಕಾದು ಬೇರೆ ಮದುವೆಯಾಗಿದ್ದ.

“ಮೊದ್ಲೇ ಯಾಕ್ ಏಳ್ಲಿಲ್ಲ?” ಎಂದು ಕಿರುಚಿದೆ. ಅವ್ವ ಒನಕೆ ನಿಲ್ಲಿಸಲಿಲ್ಲ. “ನಿಮ್ಮಜ್ಜಿ ಬದುಕಿದ್ಲಲ್ಲಮ್ಮಿ. ಮಗ ಅವ್ನೆ ಅಂತ ಉಸ್ರು ಮಡಿಕ್ಕಂಡಿದ್ಲು. ಎಂಗೇಳಲಿ? ಓದ್ ತಿಂಗ್ಳು ತೀರ್ಕಂಡ್ಲಲ್ಲ, ಈಗೇಳ್ತಿವ್ನಿ.” ಹಾಗೆ ನಮ್ಮವ್ವ ತನ್ನ ತಾಯಿಯನ್ನು ಉಳಿಸಿಕೊಂಡು ನಾದಿನಿಯನ್ನು ಹೂತಿದ್ದಳು. ಅವಳನ್ನು ಬೈಯಲು ನನಗೆ ಯಾವ ಮುಖ?

ಮರುದಿನವೇ ಹೋದೆ. ಕೇರಿಯಲ್ಲಿ ಬಲೆಗಳು ಕಡಿಮೆಯಾಗಿದ್ದವು, ಗೂಟಗಳು ಹಾಗೇ ನಿಂತಿದ್ದವು. ಮನೆಯಲ್ಲಿ ಅತ್ತೆ ಒಬ್ಬಳೇ. ಮೂವತ್ತು ತುಂಬುವ ಮೊದಲೇ ಕೂದಲು ಬೆಳ್ಳಗಾಗಿತ್ತು. ಬಳೆಗಳು ಹಾಗೇ ಇದ್ದವು, ಸಣಕಲು ಕೈಯಲ್ಲಿ ಮೊಣಕೈವರೆಗೂ ಜಾರುತ್ತಿದ್ದವು. ನನ್ನನ್ನು ನೋಡಿ ನಕ್ಕಳು. “ಮದ್ವೆ ಎಣ್ಣು ಬಿಸ್ಲಲ್ ಬಂದ್ಬುಟ್ಯಾ? ಕಪ್ಪಗಾದ್ರೆ ಗಂಡ ವಾಪಸ್ ಕಳುಸ್ತಾನೆ ಕಣಮ್ಮಿ” ಅಂದಳು. ನಾನು ಕಾಲು ಹಿಡಿದುಕೊಂಡೆ. ಸುಳ್ಳು ಹೇಳಿದೆ ಅತ್ತೆ, ಈಗಲೇ ದಂಡೆಗೆ ಹೋಗೋಣ, ಯಜಮಾನನನ್ನು ಕರೆಸು, ಎಲ್ಲರ ಮುಂದೆ ಕೂಗಿ ಹೇಳುತ್ತೇನೆ ಅಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

“ನೀ ಕಂಡಿಲ್ಲ ಅಂತ ಅವತ್ತೇ ಗೊತ್ತಿತ್ತು ಕಣೆ. ನಿನ್ ಕಣ್ಣೆಲ್ಲ ನನ್ ಬಳೆ ಮ್ಯಾಲಿತ್ತು. ಎರಡ್ ವರ್ಸ ನಿನ್ನ ಬೈದಿವ್ನಿ, ನೀನ್ ಉಟ್ಟಿದ್ ದಿನಾನೂ ಸೇರಿಸಿ ಬೈದಿವ್ನಿ.” ತಗ್ಗಿಸಿದ ದನಿಯಲ್ಲಿ, ಒಳಗೆ ಯಾರೋ ಮಲಗಿರುವಾಗ ಮಾತಾಡುವ ಹಾಗೆ ಮುಂದುವರಿಸಿದಳು. “ಆಮ್ಯಾಕೆ ಬರಕ್ ಸುರು ಮಾಡ್ದ. ನೀನು ಕಂಡೆ ಅಂದ್ಯಲ್ಲ, ಅದ್ನ ಕೇಳುಸ್ಕಂಡು ಬಂದವ್ನೆ, ಪಾಪ. ಇಷ್ಟ್ ವರ್ಸ ಇಕ್ಕಿದ್ನ ಉಂಡವ್ನೆ. ಈಗ ನೀನು ಇಲ್ಲ ಅಂದ್ಬುಟ್ರೆ ಅವ್ನ್ ಎಲ್ಲಿಗೋಗಬೇಕು ಏಳು?”

ಬಾಗಿಲು ತೆರೆದಿತ್ತು, ಹಾಡುಹಗಲು, ಹೊರಗೆ ಹೊಳೆಯ ನೀರು ಕಣ್ಣು ಕುಕ್ಕುತ್ತಿತ್ತು. ಅತ್ತೆ ಎದ್ದು ಊಟಕ್ಕೆ ಹಾಕಿದಳು. ತಣಿಗೆ ಮೂರು. ಅವಳಿಗೆ ಬುದ್ಧಿ ಕೆಟ್ಟಿತ್ತು ಎಂದು ನೀವು ಅನ್ನಬಹುದು. ಕೇರಿಯಲ್ಲೂ ಕೆಲವರು ಅನ್ನುತ್ತಿದ್ದರು. ಆದರೆ ಲೆಕ್ಕಕ್ಕೆ ಸರಿಯಾಗಿ ಪೊರೆ ಹೆರೆದು ಮೀನು ಸೋಯುತ್ತಿದ್ದಳು, ಪೇಟೆಗೆ ಬುಟ್ಟಿ ಹೊರುತ್ತಿದ್ದಳು, ಚೌಕಾಸಿಯಲ್ಲಿ ಅವಳನ್ನು ಗೆದ್ದವರಿಲ್ಲ. ನಾನಂತೂ ಅವತ್ತು ಮೂರನೆಯ ತಣಿಗೆಗೆ ಜಾಗ ಸಾಲದೆಂದು ಕಂಡು ಸ್ವಲ್ಪ ಸರಿದು ಕುಳಿತೆ.

ಸ್ವಾತಂತ್ರ್ಯ ಬಂದ ಮರುವರ್ಷ ಜ್ವರ ಬಂದು ಅತ್ತೆ ತೀರಿಕೊಂಡಳು. ಸುದ್ದಿ ತಿಳಿದು ನಾನು ಚನ್ನರಾಯಪಟ್ಟಣದಿಂದ ಹೋಗುವಷ್ಟರಲ್ಲಿ ಕೇರಿಯಲ್ಲಿ ಜಗಳ ಹತ್ತಿತ್ತು. ಹೊಳೆಬಾಗಿಲಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುತ್ತೈದೆಯ ಸಿಂಗಾರ ಮಾಡಿ ಕಳಿಸಬೇಕು ಎಂದು ಕೆಲವರು. ಹನ್ನೆರಡು ವರ್ಷ ಹಿಂದೆ ಮುಳುಗಿದವನಿಗೆ ಎಲ್ಲಿಯ ಮುತ್ತೈದೆ, ಬಳೆ ತೆಗೆದು ಬಿಳಿ ಹೊದಿಸಿ ಎಂದು ಕೆಲವರು. ಒಬ್ಬ ಮುದುಕಿ ಕಲ್ಲು ಕೂಡ ತಂದಿಟ್ಟಿದ್ದಳು. ನನ್ನನ್ನು ಕಂಡೊಡನೆ ಎಲ್ಲರೂ ನನ್ನ ಕಡೆ ತಿರುಗಿದರು. ಗಂಗಯ್ಯ ಆಗ ಹಣ್ಣುಹಣ್ಣು ಮುದುಕ, ಕಣ್ಣು ಮಂಜಾಗಿತ್ತು. ಕೋಲೂರಿ ಎದ್ದು ನಿಂತ. “ಬಂದ್ಯೇನವ್ವ ಲಚ್ಚಿ. ಅವತ್ತು ಕೂಸು, ಇವತ್ತು ದೊಡ್ಡೋಳು. ಒಳೆ ಮುಂದೆ ಏಳು. ಕಂಡಿದ್ಯಾ, ಇಲ್ವಾ?”

ಹೊಳೆ ನೋಡಿದೆ. ಬೇಸಿಗೆ, ನೀರು ತೆಳ್ಳಗೆ ಹರಿಯುತ್ತಿತ್ತು, ಆ ದಡದ ಮರದ ಒಂದೊಂದು ಎಲೆಯೂ ಕಾಣುವಷ್ಟು ಬೆಳಕು. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

“ಕಂಡಿದ್ದೆ” ಅಂದೆ.

“ಏನ್ ಮಾಡ್ತಿದ್ದ?”

ಬಲೆ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. “ಕಾಯ್ತಿದ್ದ.”

ಗಂಗಯ್ಯ ತಲೆಯಾಡಿಸಿದ. ಹೆಂಗಸರು ಅರಿಸಿನ ಕುಂಕುಮದ ತಟ್ಟೆ ತಂದರು. ಅತ್ತೆಯನ್ನು ಹಸಿರು ಸೀರೆಯಲ್ಲಿ, ಮುಡಿ ತುಂಬ ಹೂವಿಟ್ಟು, ಹೊಳೆಬಾಗಿಲಿನಿಂದಲೇ ಎತ್ತಿಕೊಂಡು ಹೋದರು.

ಹೋದ ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದೆ, ನನ್ನ ಕೇರಿ ತೋರಿಸುತ್ತೇನೆ ಅಂತ. ಏನಿದೆ ತೋರಿಸಲು? ಮೇಲೆ ಅಣೆಕಟ್ಟು ಕಟ್ಟಿದ ಮೇಲೆ ಹೊಳೆಗೆ ಮೊದಲಿನ ಸೊಕ್ಕಿಲ್ಲ. ಬೆಸ್ತರ ಮಕ್ಕಳು ಲಾರಿಗೆ ಹೋದರು, ಗಾರೆಗೆ ಹೋದರು. ಮನೆಗಳಿದ್ದ ಕಡೆ ಬೇಲಿ, ಬೇಲಿಯೊಳಗೆ ಜಾಲಿ. ನೀಲಿಯ ಮನೆ ಯಾವುದು, ನಮ್ಮದು ಯಾವುದು, ಪಾಯದ ಕಲ್ಲು ನೋಡಿಯೂ ಹೇಳಲಾಗಲಿಲ್ಲ. ನೀರಿನಂಚಿಗೆ ಇಳಿದು ನಿಂತೆವು. ದಾರಿಯುದ್ದಕ್ಕೂ ಈ ಕಥೆ ಕೇಳಿಕೊಂಡು ಬಂದಿದ್ದ ಮಗಳು ಸಹಜವಾಗಿಯೇ ಕೇಳಿದಳು, “ಅವ್ವ, ನಿಜವಾಗ್ಲೂ ನೀನು ನೋಡಿರ್ಲಿಲ್ಲ ತಾನೇ?”

ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. “ಇಲ್ಲಿ ಬ್ಯಾಡ” ಅಂದೆ.

ಬಸ್ಸು ಹೊರಟು, ಊರು ದಾಟಿ, ಹೊಳೆ ಪೂರ್ತಿ ಮರೆಯಾದ ಮೇಲೆ ಅವಳಿಗೆ ಉತ್ತರ ಹೇಳಿದೆ. ಅದೂ ಕಿವಿಯಲ್ಲಿ.